ಬಂಗಾರದ ಚುಕ್ಕಿ ಬಂದಲ್ಲಿ ಉಸಿರು: ಇಸ್ತಾಂಬುಲ್‌ನಲ್ಲಿ ಐದು ದಿನ

ಸೋಮವಾರ

ಬೆಂಗಳೂರಿಂದ ಹೊರಟು, ನಡುವೆ ಒಂದು ಕಡೆ ವಿಮಾನ ಬದಲಿಸಿ, ಇಸ್ತಾಂಬುಲ್ ಮುಟ್ಟುವಾಗ ಮಧ್ಯಾಹ್ನ ಆಗಿತ್ತು. ನವೆಂಬರ್ ತಿಂಗಳು. ಜಿಟಿಜಿಟಿ ಮಳೆ. ನಾವಿಬ್ಬರೂ ವಿಜಯಪುರದ ಗೆಳತಿಯರು, ಒಂದೇ ಓಣಿಯಲ್ಲಿ ಬೆಳೆದವರು. ನಾನು ಬೆಂಗಳೂರಿನ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ಪುಸ್ತಕಗಳ ಪುಟ ಕಟ್ಟುತ್ತಿದ್ದೇನೆ. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಚಿಕ್ಕವರಿದ್ದಾಗ ಇಬ್ರಾಹಿಂ ರೋಜಾಕ್ಕೆ ಹೋದಾಗಲೆಲ್ಲ ಅಲ್ಲಿನ ಕಿಟಕಿಗಳಲ್ಲಿ ಕಲ್ಲನ್ನೇ ಕೊರೆದು ಬರೆದ ಅರಬ್ಬಿ ಅಕ್ಷರಗಳ ಮೇಲೆ ಬೆರಳಿಟ್ಟು ಓದಲು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಆ ಅಕ್ಷರಗಳ ಆಕಾರ ನೋಡುತ್ತಿದ್ದೆ. ಕೈಬರಹದ ಕುರಾನ್ ಪ್ರತಿಗಳನ್ನು, ಅದರ ಬಂಗಾರದ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು ಅಂತ ಇಬ್ಬರಿಗೂ ಆಸೆ ಹತ್ತಿದ್ದು ಅಲ್ಲಿಂದಲೇ. ಕುರಾನ್ ಮಕ್ಕಾದಲ್ಲಿ ಇಳಿಯಿತು, ಕೈರೋದಲ್ಲಿ ಅದನ್ನು ಓದಿದರು, ಇಸ್ತಾಂಬುಲ್‌ನಲ್ಲಿ ಬರೆದರು ಅಂತ ಒಂದು ಮಾತಿದೆ. ಹಾಗಾಗಿ ಊರು ಯಾವುದು ಅಂತ ಜಾಸ್ತಿ ಯೋಚಿಸಲಿಲ್ಲ.

ರೂಮು ಸುಲ್ತಾನ್‌ಅಹ್ಮೆತ್ ಹತ್ತಿರ. ಬ್ಯಾಗು ಇಟ್ಟವರೇ ಊಟ ಹುಡುಕಿಕೊಂಡು ಹೊರಟೆವು. ಬೇಳೆಯ ಸೂಪು ಸಿಕ್ಕಿತು, ಮೆರ್ಜಿಮೆಕ್ ಅನ್ನುತ್ತಾರೆ. ಕೆಂಪು ಚನ್ನಂಗಿ ಬೇಳೆ ನುಣ್ಣಗೆ ಬೆಂದು, ಮೇಲೆ ಮೆಣಸಿನ ಬೆಣ್ಣೆ. ನಿಂಬೆಹಣ್ಣು ಹಿಂಡಿಕೊಂಡರೆ ಮನೆಯ ತೊವ್ವೆಯ ಹತ್ತಿರಕ್ಕೇ ಬಂತು. ನಾನು ಮಾಂಸ ತಿನ್ನುವುದಿಲ್ಲ. ಐದು ದಿನವೂ ಈ ಸೂಪು, ಬ್ರೆಡ್ಡು, ಮೊಸರು, ರಸ್ತೆ ಬದಿಯ ಎಳ್ಳಿನ ಸಿಮಿತ್ ನನ್ನನ್ನು ಚೆನ್ನಾಗಿ ಸಾಕಿದವು. ಸೂಪಿಗೆ ಮಾಂಸದ ನೀರು ಹಾಕಿದ್ದಾರಾ ಅಂತ ಮಾತ್ರ ಪ್ರತಿ ಸಲ ಕೇಳಬೇಕು.

ಮಂಗಳವಾರ

ಬೆಳಿಗ್ಗೆ ಎದ್ದು ತೋಪ್‌ಕಾಪಿ ಅರಮನೆಗೆ ನಡೆದೆವು. ಬಾಗಿಲು ಹಾಕಿತ್ತು. ಮಂಗಳವಾರ ಅಲ್ಲಿ ರಜೆ. ನೋಡಿಕೊಂಡು ಬರಬೇಕಿತ್ತು, ನೋಡಿರಲಿಲ್ಲ. ಛತ್ರಿ ಬೇರೆ ಗಾಳಿಗೆ ಉಲ್ಟಾ ಆಗಿ ಕಡ್ಡಿ ಮುರಿಯಿತು. ಗೆಳತಿ ಅಲ್ಲೇ ಬೇಯಿಸುತ್ತಿದ್ದ ಚೆಸ್ಟ್‌ನಟ್ ಕಾಯಿ ಕೊಂಡಳು. ಅದನ್ನು ಜೇಬಿಗೆ ಹಾಕಿ ಕೈ ಬಿಸಿ ಮಾಡಿಕೊಳ್ಳುತ್ತ ಹಿಪ್ಪೊಡ್ರೋಮ್ ಮೈದಾನದ ಕಡೆ ವಾಪಸ್ ಬಂದೆವು.

ಅಲ್ಲಿ ಇಬ್ರಾಹಿಂ ಪಾಷಾನ ಅರಮನೆ ಇದೆ. ಹಿಂದೆ ಇಲ್ಲಿ ಆಳಿದ ಒಟ್ಟೋಮನ್ ಮನೆತನದ ಸುಲ್ತಾನ್ ಸುಲೇಮಾನನ ವಜೀರ ಅವನು. 1983ರಿಂದ ಈಚೆಗೆ ಅದು ತುರ್ಕಿ ಮತ್ತು ಇಸ್ಲಾಮೀ ಕಲೆಗಳ ಮ್ಯೂಸಿಯಂ. ಮ್ಯೂಸಿಯಂ ಶುರುವಾಗಿದ್ದು 1914ರಲ್ಲಿ, ಸುಲೇಮಾನಿಯೆ ಮಸೀದಿಯ ಹಳೆಯ ದಾಸೋಹದ ಮನೆಯಲ್ಲಿ. ಮಸೀದಿ, ದರ್ಗಾಗಳಲ್ಲಿದ್ದ ವಸ್ತುಗಳು ಕಳವಾಗಿ ಹೊರಗೆ ಹೋಗುತ್ತಿದ್ದ ಕಾಲ ಅದು. ಅವನ್ನು ಉಳಿಸಿಕೊಳ್ಳಲೆಂದೇ ಕಟ್ಟಿದ ಮ್ಯೂಸಿಯಂ. ಡಮಾಸ್ಕಸ್ಸಿನ ದೊಡ್ಡ ಮಸೀದಿಯಲ್ಲಿ ಶತಮಾನಗಳಿಂದ ಕೂಡಿಟ್ಟಿದ್ದ ಹಳೆಯ ಹಾಳೆಗಳೂ ಒಟ್ಟೋಮನ್ ಕಾಲದ ಕೊನೆಗೆ ಇಲ್ಲಿಗೇ ಬಂದಿವೆ.

ಒಳಗೆ ಬೆಳಕು ತೀರಾ ಕಡಿಮೆ. ಬಣ್ಣ ಮಾಸಬಾರದು ಅಂತ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು, ಆಮೇಲೆ ಒಂದೊಂದೇ ಹಾಳೆ ಹೊಳೆಯಲು ಶುರು ಮಾಡುತ್ತದೆ. ಮೊದಲು ಕಂಡಿದ್ದು ಕೂಫಿ ಅನ್ನುವ ಹಳೆಯ ಅರಬ್ಬಿ ಲಿಪಿಯ ಹಾಳೆಗಳು. ತೊಗಲಿನ ಮೇಲೆ ಕಂದು ಮಸಿ. ಅಗಲ ಜಾಸ್ತಿ, ಎತ್ತರ ಕಡಿಮೆ. ಗೆಳತಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಓದಾಕ ಬರವಲ್ದು. ನುಕ್ತಾ ಇಲ್ಲ, ಜೇರ್ ಇಲ್ಲ, ಜಬರ್ ಇಲ್ಲ."

ಅಕ್ಷರದ ಚುಕ್ಕಿ, ಸ್ವರದ ಗುರುತು ಯಾವುದೂ ಇಲ್ಲ ಅಂತ ಅವಳ ಮಾತು. ಬಾಯಿಪಾಠ ಬರುತ್ತಿದ್ದವರಿಗೆ ನೆನಪು ಮಾಡಿಕೊಡಲು ಅಷ್ಟೇ ಸಾಕಿತ್ತು. ಆದರೆ ಒಂದು ನೋಡಿ, ಚುಕ್ಕಿಯೇ ಇಲ್ಲದ ಆ ಬರಹದ ನಡುವೆಯೂ ಅಲ್ಲಲ್ಲಿ ಬಂಗಾರದ ಪುಟ್ಟ ಗುರುತುಗಳಿವೆ. ಅಧ್ಯಾಯ ಶುರುವಾಗುವಲ್ಲಿ ಒಂದು ಬಂಗಾರದ ಪಟ್ಟಿ, ಅದರ ತುದಿಯಲ್ಲಿ ಅಂಚಿಗೆ ಚಾಚಿಕೊಂಡ ಎಲೆ. ಅಂದವಾಗಿರಲಿ ಅಂತ ಇಟ್ಟಿದ್ದಾರೆ ಅಂದುಕೊಂಡು ನಾನು ಮುಂದೆ ಹೋದೆ.

ಒಟ್ಟೋಮನ್ ಪ್ರತಿಗಳ ಹತ್ತಿರ ಬಂದಾಗ ಅವಳು ನಿಂತೇಬಿಟ್ಟಳು. ನಸ್ಖ್ ಲಿಪಿ, ದುಂಡಗೆ, ಅಚ್ಚುಕಟ್ಟು. ತೆರೆದಿಟ್ಟಿದ್ದ ಪುಟ ಸೂರಾ ರಹಮಾನ್. ಅವಳು ಮೆಲ್ಲಗೆ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವ ಹಾಗೆ ಓದಲು ಶುರು ಮಾಡಿದಳು. ಆ ಅಧ್ಯಾಯದಲ್ಲಿ 78 ಆಯತ್‌ಗಳಿವೆ, ಅಂದರೆ ವಚನಗಳು, ಬಹಳಷ್ಟು ಚಿಕ್ಕಚಿಕ್ಕವು. "ನಿಮ್ಮ ಒಡೆಯನ ಯಾವ ಕೊಡುಗೆಯನ್ನು ಇಲ್ಲ ಅನ್ನುತ್ತೀರಿ" ಅನ್ನುವ ಅರ್ಥದ ಸಾಲು 31 ಸಲ ಬರುತ್ತದೆ, ನಮ್ಮ ಪದಗಳಲ್ಲಿ ಪಲ್ಲವಿ ಬಂದ ಹಾಗೆ. ಪ್ರತಿ ಆಯತ್ ಮುಗಿದಲ್ಲಿ ಒಂದು ಬಂಗಾರದ ಚುಕ್ಕಿ. ಹೀಗಾಗಿ ಆ ಪುಟದ ತುಂಬ ಚುಕ್ಕಿಗಳು, ಅಮಾವಾಸ್ಯೆಯ ಆಕಾಶದ ಹಾಗೆ. ಅವಳು ಓದುತ್ತಾಳೆ, ಚುಕ್ಕಿ ಬರುತ್ತದೆ, ನಿಲ್ಲುತ್ತಾಳೆ. ಮತ್ತೆ ಓದುತ್ತಾಳೆ, ಚುಕ್ಕಿ, ನಿಲ್ಲುತ್ತಾಳೆ.

"ಯಾಕ ನಿಂತಿ?" ಅಂದೆ.

"ಇಲ್ಲಿ ಉಸಿರು ತಗೋಬೇಕು. ಅದಕ್ಕಂತನs ಐತಿ ಇದು."

ಇಪ್ಪತ್ತು ವರ್ಷ ಪುಟ ಕಟ್ಟಿದ ನನಗೆ ಆ ಕ್ಷಣ ಮೈ ಜುಮ್ಮೆಂದಿತು. ಓದುವವಳು ಉಸಿರು ಎಳೆದುಕೊಳ್ಳುವ ಜಾಗಕ್ಕೆ ಬಂಗಾರ ಇಟ್ಟಿದ್ದಾರೆ! ವಾಪಸ್ ಕೂಫಿ ಹಾಳೆಗಳ ಹತ್ತಿರ ಹೋಗಿ ಮೊದಲಿಂದ ನೋಡಿದೆ. ಈ ಸಲ ಬೇರೆಯೇ ಕಂಡಿತು. ಆಮೇಲೆ ಅಂಚಿನಲ್ಲಿದ್ದ ದೊಡ್ಡ ಹೂವುಗಳನ್ನೂ ಅವಳು ಬಿಡಿಸಿ ಹೇಳಿದಳು. ಒಂದು ಹೂವು ಪಾರಾ, ಅಂದರೆ ಕುರಾನಿನ ಒಂದು ಭಾಗ, ಶುರುವಾಗುವಲ್ಲಿ, ಒಟ್ಟು 30 ಪಾರಾ. ಇನ್ನೊಂದು ಸಜ್ದಾ ಮಾಡಬೇಕಾದ, ಅಂದರೆ ಹಣೆ ನೆಲಕ್ಕೆ ಹಚ್ಚಿ ವಂದಿಸಬೇಕಾದ ಜಾಗದಲ್ಲಿ. ತುರ್ಕಿಯಲ್ಲಿ ಇವಕ್ಕೆ ಗ್ಯುಲ್ ಅನ್ನುತ್ತಾರೆ, ಗುಲಾಬಿ ಅಂತಲೇ ಅರ್ಥ. ಆಯತ್ ಚುಕ್ಕಿಗೆ ದುರಾಕ್, ಅಂದರೆ ನಿಲ್ಲುವ ಜಾಗ. ಬಸ್ ಸ್ಟಾಪಿನ ಬೋರ್ಡಿನ ಮೇಲೂ ಇದೇ ಪದ ಇದೆ ಅಂತ ಸಂಜೆ ಗಮನಿಸಿದೆವು.

ಮೂರು ಗಂಟೆ ಕಳೆದಿದ್ದು ಗೊತ್ತೇ ಆಗಲಿಲ್ಲ. ಹೋಗುವವರು ಒಂದು ಪುಟ್ಟ ಭೂತಗನ್ನಡಿ ಜೊತೆಗಿಟ್ಟುಕೊಳ್ಳಿ. ನಮ್ಮ ಹತ್ತಿರ ಇರಲಿಲ್ಲ, ಮೊಬೈಲಿನ ಕ್ಯಾಮೆರಾದಲ್ಲೇ ಹಿಗ್ಗಿಸಿ ನೋಡಿದೆವು, ಫ್ಲ್ಯಾಶ್ ಆಫ್ ಮಾಡಿ.

ಬುಧವಾರ

ಮಳೆ ಬಿಟ್ಟಿತ್ತು. ಟ್ರ್ಯಾಮಿನಲ್ಲಿ ಬೆಯಾಜಿತ್‌ಗೆ ಹೋಗಿ ಇಳಿದೆವು. ಟ್ರ್ಯಾಮು, ಬಸ್ಸು, ದೋಣಿ ಎಲ್ಲಕ್ಕೂ ಒಂದೇ ಕಾರ್ಡ್ ನಡೆಯುತ್ತದೆ. ಬೆಯಾಜಿತ್ ಮಸೀದಿಯ ಪಕ್ಕದಲ್ಲಿ ಸಹಾಫ್ಲರ್ ಅಂತ ಹಳೆ ಪುಸ್ತಕದ ಓಣಿ ಇದೆ. ನಡುವೆ ಇಬ್ರಾಹಿಂ ಮುತೆಫೆರ್ರಿಕಾನ ಅರ್ಧ ಪ್ರತಿಮೆ. 1727ರಲ್ಲಿ ಅವನಿಗೆ ಮುದ್ರಣಾಲಯ ನಡೆಸಲು ಪರವಾನಗಿ ಸಿಕ್ಕಾಗ ಧರ್ಮಗ್ರಂಥಗಳನ್ನು ಮಾತ್ರ ಅಚ್ಚು ಹಾಕುವ ಹಾಗಿರಲಿಲ್ಲ. ಕುರಾನನ್ನು ಕೈಯಲ್ಲೇ ಬರೆಯುತ್ತಿದ್ದರು. ಪ್ರೆಸ್ಸಿನವಳಾದ ನಾನು ಅವನಿಗೊಂದು ನಮಸ್ಕಾರ ಹಾಕಿದೆ.

ಆ ಓಣಿಯಲ್ಲೇ ಮನಸ್ಸಿಗೆ ನೋವಾಗುವ ಒಂದು ವಿಷಯ ಕಂಡೆವು. ಹಳೆಯ ಕೈಬರಹದ ಪುಸ್ತಕದಿಂದ ಹರಿದ ಹಾಳೆ, ಅದರ ಮೇಲೆ ಹೊಸದಾಗಿ ಬಿಡಿಸಿದ ಕುದುರೆ, ಬೇಟೆಗಾರ. ಪ್ರವಾಸಿಗಳಿಗೆ ಮಾರಲು. ಹಾಳೆ ಹಳೆಯದು, ಚಿತ್ರ ಮೊನ್ನೆಯದು. ಕೆಳಗಿನ ಬರಹ ಏನು ಅಂತ ಗೆಳತಿ ಕೇಳಿದಳು, ಅಂಗಡಿಯ ಹುಡುಗನಿಗೆ ಗೊತ್ತಿರಲಿಲ್ಲ. ಯಾರೋ ವರ್ಷಗಟ್ಟಲೆ ಕೂತು ಬರೆದ ಪುಸ್ತಕವನ್ನು ಹಾಳೆಹಾಳೆ ಕಿತ್ತು ಮಾರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀವು ಹೋದರೆ ದಯವಿಟ್ಟು ಅಂಥದ್ದನ್ನು ಕೊಳ್ಳಬೇಡಿ. ಹೊಸ ಕಾಗದದ ಮೇಲೆ ಇವತ್ತಿನ ಕಲಾವಿದರು ಮಾಡಿದ್ದು ಬೇಕಾದಷ್ಟು ಸಿಗುತ್ತದೆ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಸುಲೇಮಾನಿಯೆ. ಸುಲ್ತಾನರ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ್ದು, 1557ರಲ್ಲಿ ಮುಗಿದದ್ದು. ಒಳಗೆ ಕೂತು ಮೇಲೆ ನೋಡುತ್ತಿದ್ದಾಗ ಅಲ್ಲಿನ ಒಬ್ಬ ಹಿರಿಯರು ಮುಖ್ಯ ಬಾಗಿಲಿನ ಮೇಲ್ಗಡೆ ಕೈ ತೋರಿಸಿ, ಮುರುಕು ಇಂಗ್ಲಿಷಿನಲ್ಲಿ, ಒಂದು ಕಥೆ ಹೇಳಿದರು. ಹಿಂದೆ ಇಲ್ಲಿ ಸಾವಿರಾರು ಎಣ್ಣೆ ದೀಪ ಉರಿಯುತ್ತಿದ್ದವು. ಅದರ ಹೊಗೆಯೆಲ್ಲ ಗಾಳಿಯ ಜೊತೆ ಒಂದೇ ದಿಕ್ಕಿಗೆ ಹೋಗುವ ಹಾಗೆ ಸಿನಾನ್ ಕಟ್ಟಡ ಮಾಡಿದ. ಬಾಗಿಲ ಮೇಲಿನ ಕೋಣೆಯಲ್ಲಿ ಕೂಡಿದ ಕಾಡಿಗೆಯನ್ನು ಕೆರೆದು ತೆಗೆದು, ಗೋಂದು ಸೇರಿಸಿ, ಬರೆಯುವ ಮಸಿ ಮಾಡುತ್ತಿದ್ದರಂತೆ. ನಾನು ಗೆಳತಿಗೆ ಹೇಳಿದೆ, ನಮ್ಮಲ್ಲಿ ಪಾತ್ರೆ ಕೆಳಗೆ ಹಿಡಿಯುವುದೂ ಮಸಿ, ಕುಡಿಕೆಯಲ್ಲಿ ಇರುವುದೂ ಮಸಿ. ಅವರಿಗೆ ತಿಳಿಸಿ ಹೇಳಲು ಪ್ರಯತ್ನಪಟ್ಟೆವು. ತಿಳಿಯಿತೋ ಇಲ್ಲವೋ, ಖುಷಿಯಿಂದ ತಲೆ ಆಡಿಸಿದರು.

ಮಸೀದಿಯ ಎದುರಿಗೆ ಸಾಲಾಗಿ ಹುರುಳಿಕಾಯಿ ಬಿಳಿ ಬೀಜದ ಪಲ್ಯ, ಅನ್ನ ಮಾರುವ ಹೋಟೆಲುಗಳು. ಕುರು ಫಸುಲ್ಯೆ ಅಂತ ಹೆಸರು. ಟೊಮೆಟೊ ಗೊಜ್ಜಿನಲ್ಲಿ ಬೆಂದ ದಪ್ಪ ಬೀಜ, ಜೊತೆಗೆ ಬೆಣ್ಣೆ ಅನ್ನ, ಉಪ್ಪಿನಕಾಯಿ. ಹಸಿದ ಹೊಟ್ಟೆಗೆ ಅದಕ್ಕಿಂತ ಒಳ್ಳೆಯದು ಬೇಡ. ಪಕ್ಕದ ಮದರಸಾದಲ್ಲಿ ಸುಲೇಮಾನಿಯೆ ಗ್ರಂಥಾಲಯ, ಹಸ್ತಪ್ರತಿಗಳ ದೊಡ್ಡ ಭಂಡಾರ. ಅಲ್ಲಿ ಓದಲು ಹೆಸರು ನೋಂದಾಯಿಸಬೇಕು. ನಾವು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆವು. ಸಂಜೆ ವೆಫಾದಲ್ಲಿ ಬೋಜಾ ಕುಡಿದೆವು. ಸಿರಿಧಾನ್ಯ ಹುದುಗಿಸಿ ಮಾಡಿದ್ದು, ಗಟ್ಟಿ, ಹುಳಿಸಿಹಿ, ಮೇಲೆ ದಾಲ್ಚಿನ್ನಿ ಪುಡಿ, ಹುರಿದ ಕಡಲೆ. ಕಣ್ಣು ಮುಚ್ಚಿ ಕುಡಿದರೆ ಬೆಲ್ಲ ಹಾಕಿದ ಅಂಬಲಿಯೇ.

ಗುರುವಾರ

ಈ ದಿನಕ್ಕಾಗಿಯೇ ನಾವು ಬಂದಿದ್ದು ಅಂದರೂ ಸರಿ. ಎಮಿನೋನ್ಯುನಿಂದ ದೋಣಿ ಹತ್ತಿ ಉಸ್ಕುದಾರ್‌ಗೆ ಹೋದೆವು. ಯುರೋಪ್ ದಡದಿಂದ ಏಷ್ಯಾ ದಡಕ್ಕೆ, ಒಂದು ಲೋಟ ಚಹಾ ಮುಗಿಯುವಷ್ಟು ದೂರ. ಕಡಲಹಕ್ಕಿಗಳು ಸಿಮಿತ್ ಚೂರಿಗಾಗಿ ಪಕ್ಕದಲ್ಲೇ ಹಾರಿ ಬರುತ್ತವೆ. ಅಲ್ಲಿ ಒಬ್ಬ ತೆಜ್ಹಿಪ್ ಕಲಾವಿದೆಯ ಕೆಲಸದ ಮನೆ ನೋಡಲು ಮೊದಲೇ ಕೇಳಿಕೊಂಡಿದ್ದೆವು. ತೆಜ್ಹಿಪ್ ಅಂದರೆ ಬಂಗಾರ ಹಚ್ಚುವುದು. ಅರಬ್ಬಿಯ ಜಹಬ್ ಅನ್ನುವ, ಬಂಗಾರ ಅಂತ ಅರ್ಥದ ಪದದಿಂದ ಬಂದಿದ್ದು.

ದಾರಿ ತಪ್ಪಿ ಒಂದು ಗುಡ್ಡ ಹತ್ತಿ ಇಳಿದು ಅರ್ಧ ಗಂಟೆ ತಡವಾಗಿ ಮುಟ್ಟಿದೆವು. ಅರವತ್ತು ದಾಟಿದ ಹೆಂಗಸು. ಹುಡುಗಿಯರು ಅವರನ್ನು "ಹೊಜಾಮ್" ಅಂತ ಕರೆಯುತ್ತಿದ್ದರು, ನಾವು ಟೀಚರ್ ಅನ್ನುವ ಹಾಗೆ. ತಡ ಆಗಿದ್ದಕ್ಕೆ ಕೈ ಮುಗಿದೆವು. ಮೊದಲು ಚಹಾ ಕೊಟ್ಟರು. ಒಬ್ಬ ಶಿಷ್ಯೆ ಇಂಗ್ಲಿಷಿಗೆ ಹೇಳುತ್ತಿದ್ದಳು. ಆದರೆ ಅರ್ಧ ಮಾತು ಹಾಗೆಯೇ ತಿಳಿಯುತ್ತಿತ್ತು. ಕಲೆಮ್, ಕಿತಾಪ್, ರೆಂಕ್ ಅಂದರೆ ನಮ್ಮ ಕಲಮು, ಕಿತಾಬು, ರಂಗು.

ಮೊದಲು ಕಾಗದ. ಬಣ್ಣ ಹಾಕಿದ ಕಾಗದಕ್ಕೆ ಮೊಟ್ಟೆಯ ಬಿಳಿ ಮತ್ತು ಪಟಿಕ ಕಲಸಿ ಬಳಿಯುತ್ತಾರೆ. ಒಣಗಿದ ಮೇಲೆ ನುಣ್ಣನೆ ಕಲ್ಲಿನಿಂದ ಉಜ್ಜುತ್ತಾರೆ. ಆಮೇಲೆ ಒಂದು ವರ್ಷವಾದರೂ ಸುಮ್ನೆ ಇಟ್ಟಿರುತ್ತಾರೆ, ಹಳೆಯದಾದಷ್ಟೂ ಒಳ್ಳೆಯದು. ಹಾಗೆ ಮಾಡಿದ ಕಾಗದದಲ್ಲಿ ಮಸಿ ಒಳಗೆ ಇಳಿಯುವುದಿಲ್ಲ, ಮೇಲೆಯೇ ಕೂರುತ್ತದೆ. ಅಕ್ಷರ ತಪ್ಪಿದರೆ ಒದ್ದೆ ಮಾಡಿ ಒರೆಸಬಹುದು. ಬೆರಳಿಗೆ ಎಂಜಲು ಹಚ್ಚಿ ಒರೆಸುತ್ತಿದ್ದವರೂ ಇದ್ದರು. ಹೀಗಾಗಿ ತುರ್ಕಿಯಲ್ಲಿ ಓದಿಕೊಂಡವರಿಗೆ "ಮಸಿ ನೆಕ್ಕಿದವರು" ಅನ್ನುವ ಮಾತೇ ಇದೆ.

ಬರೆಯುವವರದು ಮೊದಲ ಸರದಿ. ಜೊಂಡಿನ ಲೇಖನಿಯಲ್ಲಿ ಬರೆದು, ಆಯತ್ ಮುಗಿದಲ್ಲೆಲ್ಲ ಒಂದು ಚುಕ್ಕಿಯಷ್ಟು ಜಾಗ ಬಿಟ್ಟು ಹೋಗುತ್ತಾರೆ. ಕೊನೆಯಲ್ಲಿ ಅವರ ಸಹಿ ಇರುತ್ತದೆ. ಬಂಗಾರದ ಕೆಲಸದವರದು ಆಮೇಲೆ, ಮತ್ತು ಹೆಚ್ಚಿನ ಪ್ರತಿಗಳಲ್ಲಿ ಅವರ ಹೆಸರೇ ಇರುವುದಿಲ್ಲ. ಸುಲೇಮಾನನ ಕಾಲದ ಕರಾ ಮೆಮಿಯಂಥ ಕೆಲವರದು ಮಾತ್ರ ಉಳಿದಿದೆ. ಟ್ಯೂಲಿಪ್, ಗುಲಾಬಿ, ಕಾರ್ನೇಷನ್‌ಗಳನ್ನು ತೋಟದಲ್ಲಿ ಕಂಡ ಹಾಗೆಯೇ ಪುಟಕ್ಕೆ ತಂದವನು ಅವನು. ಇದು ಕೇಳಿ ನನಗೆ ಸಂಕಟ ಆಯಿತು. ಹೊಜಾಮ್‌ಗೆ ಆಗಲಿಲ್ಲ. "ಅಕ್ಷರಕ್ಕೆ ಬಟ್ಟೆ ತೊಡಿಸುತ್ತೇವೆ, ಅಷ್ಟೇ" ಅಂದರು.

ಆಮೇಲೆ ಬಂಗಾರ. ನಮ್ಮ ಮೈಸೂರು ಚಿತ್ರಕ್ಕೆ ಹಚ್ಚುವಂಥದೇ ರೇಕು, ಉಸಿರು ತಾಗಿದರೂ ಹಾರುವಷ್ಟು ತೆಳು. ನಾವಾದರೆ ರೇಕನ್ನು ಹಾಗೆಯೇ ಅಂಟಿಸುತ್ತೇವೆ. ಇಲ್ಲಿ ಅದನ್ನು ಅರೆಯುತ್ತಾರೆ. ಪಿಂಗಾಣಿ ತಟ್ಟೆಗೆ ಗೋಂದಿನ ನೀರು ಸವರಿ, ಒಂದೊಂದೇ ರೇಕು ಬೆರಳ ತುದಿಗೆ ಎತ್ತಿಕೊಂಡು ತಟ್ಟೆಯಲ್ಲಿ ತಿಕ್ಕುತ್ತ ಹೋಗಬೇಕು. ಗಂಟೆಗಟ್ಟಲೆ. ಗೆಳತಿಗೆ ಮಾಡಲು ಕೊಟ್ಟರು. ತೋಳು ಮಡಚಿ, ಮೂರು ಬೆರಳಿನಲ್ಲಿ, ನಮ್ಮಮ್ಮ ಗಂಧ ತೇಯುವ ಹಾಗೆ ತಿರುಗಿಸತೊಡಗಿದಳು. ಮೊದಲು ಮಿಂಚುತ್ತಿದ್ದ ಬಂಗಾರ ನೋಡ್ತಾ ನೋಡ್ತಾ ಮಂಕಾಗಿ ಕೆಸರಿನ ಬಣ್ಣಕ್ಕೆ ಬಂತು. ಹಾಳು ಮಾಡಿದೆನೇನೋ ಅಂತ ಅವಳಿಗೆ ಹೆದರಿಕೆ. ಹೊಜಾಮ್ ನಕ್ಕು, ಇನ್ನೂ ಆಗಬೇಕು ಅಂದರು. ಕೈ ಸೋತು ಬಿಟ್ಟಾಗ ಮುಕ್ಕಾಲು ಗಂಟೆ ಆಗಿತ್ತು. ಇದನ್ನು ನೀರಲ್ಲಿ ತೊಳೆದು, ಬಂಗಾರ ತಳಕ್ಕೆ ಕೂತ ಮೇಲೆ ನೀರು ಬಸಿದು, ಒಣಗಿಸಿ, ಜೆಲಟಿನ್ ನೀರಲ್ಲಿ ಕಲಸಿ ಕುಂಚದಿಂದ ಹಚ್ಚಬೇಕು. ಹಚ್ಚಿದಾಗಲೂ ಮಂಕೇ. ಒಣಗಿದ ಮೇಲೆ ಹಕೀಕ್ (ಅಗೇಟ್) ಅನ್ನುವ ನುಣುಪು ಕಲ್ಲಿನಿಂದ ತಿಕ್ಕಿದರೆ ಒಂದೇ ಸಲಕ್ಕೆ ಬೆಳಕು ಹೊತ್ತಿದ ಹಾಗೆ ಹೊಳಪು ಬರುತ್ತದೆ. ಆಗ ಗೆಳತಿ ಸಣ್ಣಗೆ "ಮಾಷಾ ಅಲ್ಲಾಹ್" ಅಂದಿದ್ದು ಎಲ್ಲರಿಗೂ ಕೇಳಿಸಿತು.

ದೊಡ್ಡ ವಿನ್ಯಾಸವಾದರೆ ಮೊದಲು ತೆಳು ಕಾಗದದ ಮೇಲೆ ಬರೆದು, ಗೆರೆಯ ಗುಂಟ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿ ಉದುರಿಸಿ ಇಳಿಸುತ್ತಾರೆ. ನಮ್ಮ ರಂಗೋಲಿ ತಟ್ಟೆಯ ಲೆಕ್ಕ. ಹೊಜಾಮ್ ನಮಗೆ ಮಾಡಿ ತೋರಿಸಿದ್ದು ಒಂದು ದುರಾಕ್. ಹುಣಸೆಬೀಜಕ್ಕಿಂತ ಚಿಕ್ಕ ವೃತ್ತ. ಬಂಗಾರ ತುಂಬಿದರು, ತಿಕ್ಕಿದರು. ನಾಲ್ಕೈದು ಕೂದಲಿನ ಕುಂಚದಿಂದ ಸುತ್ತ ಕಪ್ಪು ಗೆರೆ. ಒಳಗೆ ಆರು ಎಸಳು. ಅಂಚಿಗೆ ಕೆಂಪು, ನೀಲಿ ಬೊಟ್ಟು. ಗೆರೆ ಎಳೆಯುವಾಗ ಉಸಿರು ಹಿಡಿದಿದ್ದರು, ಮುಗಿದಾಗ ಬಿಟ್ಟರು. ನಾನು ಮೊಬೈಲ್ ನೋಡಿದೆ, ಬಂಗಾರ ಒಣಗಿದ ಹೊತ್ತು ಬಿಟ್ಟರೆ ಹತ್ತು ನಿಮಿಷ. ಗಣಿತದವಳು ಅಲ್ಲೇ ಲೆಕ್ಕ ಹಾಕಿದಳು. 6,236 ಆಯತ್, ಒಂದಕ್ಕೆ ಹತ್ತು ನಿಮಿಷ, ದಿನಕ್ಕೆ ಆರು ಗಂಟೆ ಕೂತರೂ ಬರೀ ಚುಕ್ಕಿಗೇ ಆರು ತಿಂಗಳ ಹತ್ತಿರ. ಶಿಷ್ಯೆ ಅದನ್ನು ತುರ್ಕಿಯಲ್ಲಿ ಹೇಳಿದಾಗ ಹೊಜಾಮ್ ತಮ್ಮ ಕನ್ನಡಕ ತೆಗೆದು ತೋರಿಸಿದರು.

1928ರಲ್ಲಿ ತುರ್ಕಿ ಲಿಪಿ ಬದಲಾಯಿತು. ಅರಬ್ಬಿ ಅಕ್ಷರ ಬಿಟ್ಟು ಲ್ಯಾಟಿನ್ ಅಕ್ಷರ ಬಂತು. ಬರೆಯುವವರ ಅನ್ನ ಹೋಯಿತು, ಜೊತೆಗೆ ಈ ಕೆಲಸವೂ ಸೊರಗಿತು. ಅದನ್ನು ಉಳಿಸಿದವರಲ್ಲಿ ಒಬ್ಬರು ಸುಹೆಯ್ಲ್ ಉನ್ವೆರ್ ಅನ್ನುವ ವೈದ್ಯರು. ಹಳೆಯ ಪ್ರತಿಗಳ ಹೂವು, ಎಲೆಗಳನ್ನು ನೋಟ್‌ಬುಕ್ಕುಗಳಲ್ಲಿ ಬಿಡಿಸಿಟ್ಟುಕೊಂಡು ಮುಂದಿನವರಿಗೆ ಕಲಿಸಿದರು. 1936ರಲ್ಲಿ ಇಸ್ತಾಂಬುಲ್‌ನ ಲಲಿತಕಲಾ ಅಕಾಡೆಮಿಯಲ್ಲಿ ಇದಕ್ಕೆ ವಿಭಾಗ ಬಂತು. 2023ರಲ್ಲಿ ಅಜರ್‌ಬೈಜಾನ್, ಇರಾನ್, ತಜಿಕಿಸ್ತಾನ್, ಉಜ್ಬೇಕಿಸ್ತಾನ್ ಜೊತೆ ಸೇರಿ ತುರ್ಕಿ ಈ ಕಲೆಯನ್ನು ಯುನೆಸ್ಕೊ ಪಟ್ಟಿಗೆ ಸೇರಿಸಿತು. ಹೊಜಾಮ್ ಅದಕ್ಕಿಂತ ಹೆಚ್ಚು ಮಾತಾಡಿದ್ದು ಡಾಕ್ಟರ ನೋಟ್‌ಬುಕ್ಕುಗಳ ಬಗ್ಗೆ.

ಬರವಣಿಗೆ ಕಲಿಯುವವರಿಗೆ ಮೊದಲ ಪಾಠ ಏನು ಅಂತ ಗೆಳತಿ ಕೇಳಿದಳು. ಶಿಷ್ಯೆ "ರಬ್ಬಿ ಯೆಸ್ಸಿರ್" ಅಂದಳು. ಅಷ್ಟು ಅಂದಿದ್ದೇ ತಡ, ನಮ್ಮವಳು ಉಳಿದ ಅರ್ಧವನ್ನು ಒಂದೇ ಉಸಿರಿಗೆ ಮುಗಿಸಿದಳು. ದೇವರೇ, ಸುಲಭ ಮಾಡು, ಕಷ್ಟ ಮಾಡಬೇಡ, ಒಳ್ಳೆಯದರಲ್ಲಿ ಮುಗಿಸು. ವಿಜಯಪುರದಲ್ಲಿ ಆಪಾ ಅವಳಿಗೆ ಪಾಠದ ಮೊದಲು ಹೇಳಿಸುತ್ತಿದ್ದದ್ದೂ ಅದೇ. ಇಲ್ಲಿ ಆ ಒಂದು ಸಾಲನ್ನು ತಿದ್ದುವುದರಲ್ಲೇ ಕೆಲವರಿಗೆ ತಿಂಗಳುಗಟ್ಟಲೆ ಹೋಗುತ್ತದಂತೆ. ನನಗೆ ಅಕ್ಕಿಯಲ್ಲಿ ಬೆರಳು ಹಿಡಿಸಿ ಬರೆಸಿದ್ದು ನೆನಪಾಯಿತು.

ಹೊರಡುವಾಗ ಆ ದುರಾಕ್ ಬಿಡಿಸಿದ ಚೂರು ಕಾಗದವನ್ನು ಮಡಚಿದ ಬಟರ್ ಪೇಪರಿನಲ್ಲಿಟ್ಟು ಗೆಳತಿಯ ಕೈಗೆ ಕೊಟ್ಟರು. ದುಡ್ಡು ಕೇಳಲು ಹೋದೆ, ಎದೆ ಮೇಲೆ ಕೈ ಇಟ್ಟು ಬೇಡ ಅಂದರು.

ಅಲ್ಲಿಂದ ಕರಾಜಾಅಹ್ಮೆತ್ ಸ್ಮಶಾನಕ್ಕೆ ಹೋದೆವು. ಸೈಪ್ರಸ್ ಮರಗಳ ಕಾಡೇ ಅದು. ಒಟ್ಟೋಮನ್ ಬರಹಗಾರರ ಮೂಲಪುರುಷ ಶೇಖ್ ಹಮ್ದುಲ್ಲಾ ಇಲ್ಲಿದ್ದಾರೆ, ತೀರಿಕೊಂಡಿದ್ದು 1520ರಲ್ಲಿ. ಅವರು ಬರೆಯುವಾಗ ಸುಲ್ತಾನ್ ಎರಡನೇ ಬಯೆಜೀದ್ ಮಸಿಕುಡಿಕೆ ಹಿಡಿದಿರುತ್ತಿದ್ದ ಅಂತ ಹೇಳುತ್ತಾರೆ. ಹಿಂದೆ ಕಲಿಯುವವರು ತಮ್ಮ ಲೇಖನಿಯನ್ನು ಈ ಗೋರಿಯ ಮಣ್ಣಲ್ಲಿ ಕೆಲವು ದಿನ ಹೂತಿಟ್ಟು ಆಮೇಲೆ ಬರೆಯುತ್ತಿದ್ದರಂತೆ. ಮತ್ತೆ ಮಳೆ ಹಿಡಿಯಿತು. ಛತ್ರಿ ಇರಲಿಲ್ಲ. ಗೆಳತಿ ಆ ಚೂರು ಕಾಗದವನ್ನು ಸ್ವೆಟರಿನ ಒಳಗೆ ಇಟ್ಟುಕೊಂಡು ಫಾತಿಹಾ ಓದಿದಳು.

ಶುಕ್ರವಾರ

ಕಬಾತಾಶ್‌ನಿಂದ ಬಸ್ ಹಿಡಿದು ಬಾಸ್ಫೊರಸ್ ದಂಡೆಯ ಗುಂಟ ಎಮಿರ್ಗಾನ್‌ಗೆ. ನೀರಿನ ಕಡೆಯ ಸೀಟು ಹಿಡಿಯಿರಿ, ಹೋಗುವಾಗ ಬಲಗಡೆ. ಅಲ್ಲಿ ಸಬಾಂಜಿ ಮ್ಯೂಸಿಯಂನಲ್ಲಿ ಬರಹದ ಸಂಗ್ರಹ ದೊಡ್ಡದು. ಪುಟಗಳ ಜೊತೆ ಸಲಕರಣೆಗಳೂ ಇವೆ. ಲೇಖನಿ ಕೊರೆಯುವ ಚಾಕು, ಅದರ ಕೆಳಗೆ ಇಡುವ ದಂತದ ಪಟ್ಟಿ, ಉದ್ದ ಕತ್ತರಿ. ಲೇಖನಿ ಕೊರೆದ ಸಿಪ್ಪೆಯನ್ನೂ ಕೆಲವರು ಬಿಸಾಡದೆ ಜೀವನವಿಡೀ ಕೂಡಿಡುತ್ತಿದ್ದರು, ತಾವು ಸತ್ತಾಗ ಮೈ ತೊಳೆಯುವ ನೀರನ್ನು ಆ ಸಿಪ್ಪೆಯ ಬೆಂಕಿಯಲ್ಲೇ ಕಾಯಿಸಲಿ ಅಂತ. ಅದನ್ನು ಹಿಂದಿನ ದಿನ ಶಿಷ್ಯೆ ಹೇಳಿದ್ದಳು. ಆ ಚಾಕುಗಳ ಮುಂದೆ ನಾವಿಬ್ಬರೂ ಮಾತಿಲ್ಲದೆ ನಿಂತಿದ್ದೆವು.

ವಾಪಸ್ ಬರುವಾಗ ವಿಪರೀತ ಟ್ರಾಫಿಕ್. ಶುಕ್ರವಾರ ಸಂಜೆ ಆ ದಾರಿಗೆ ಹೋಗಲೇಬೇಡಿ. ಅರ್ಧದಲ್ಲೇ ಇಳಿದು ನಡೆದು, ರೂಮಿಗೆ ಓಡಿ, ಬ್ಯಾಗು ಎತ್ತಿಕೊಂಡು ವಿಮಾನ ಹಿಡಿದೆವು.

ಬಂದು ಮೂರು ವಾರ ಆಯಿತು. ಮೊನ್ನೆ ಗೆಳತಿ ವಿಜಯಪುರದಿಂದ ಫೋನ್ ಮಾಡಿದ್ದಳು. ಆ ದುರಾಕ್ ಚೂರನ್ನು ಅವಳ ಅಮ್ಮಿ ದಿನಾ ಓದುವ ಕುರಾನಿನಲ್ಲಿ ಗುರುತಿಗೆ ಇಟ್ಟಿದ್ದಾಳಂತೆ. ಇದರೊಳಗ ಏನ್ ಬರದಾರ ಅಂತ ಅಮ್ಮಿ ಕೇಳಿದರಂತೆ. ಏನೂ ಬರದಿಲ್ಲ, ನೀ ಇಲ್ಲೀತನ ಓದಿ ನಿಂತೀದಿ ಅಂತ, ಅಂದಳಂತೆ. ಅಮ್ಮಿ ಈಗ ಹನ್ನೊಂದನೇ ಪಾರಾದಲ್ಲಿದ್ದಾರೆ.